ಅವರೆ ಬಳ್ಳಿಯ ಮಾಂಸಾಹಾರಿ ಅತಿಥಿಗಳು

ಕೊನೆಯ ದಿನ ಎಂದು ಮೊದಲೇ ಗೊತ್ತಿದ್ದರೆ ನಾವು ಇನ್ನೂ ಸ್ವಲ್ಪ ಘನವಾದ ವಿಷಯಕ್ಕೆ ಜಗಳವಾಡುತ್ತಿದ್ದೆವೇನೋ. ನಾನು ಮತ್ತು ನನ್ನ ಅತ್ತೆ ಕೊನೆಯದಾಗಿ ಜಗಳವಾಡಿದ್ದು ಒಂದು ಚಿಟಿಕೆ ಸಕ್ಕರೆಗಾಗಿ. ಅದೂ ನಮ್ಮ ಬಾಯಿಗೆ ಹೋಗುವ ಸಕ್ಕರೆಯಲ್ಲ, ಇರುವೆಗಳ ಬಾಯಿಗೆ ಹೋಗುವ ಸಕ್ಕರೆ. ಸೋಮವಾರ ಲಿಂಗಪೂಜೆ ಮುಗಿದ ಮೇಲೆ ಸಕ್ಕರೆ ಬೆರೆಸಿದ ರವೆಯನ್ನು ಅಂಗಳದ ಇರುವೆಗಳಿಗೆ ಹಾಕುವುದು ಅತ್ತೆಯ ಪದ್ಧತಿ. ಮೊಣಕಾಲು ನೋವು ಹೆಚ್ಚಾದ ಮೇಲೆ ಅವರು ಕಟ್ಟೆಯ ಮೇಲೆ ಕುಳಿತು ಆಜ್ಞೆ ಮಾಡುವುದು, ನಾನು ಹಾಕುವುದು ಎಂದು ಕೆಲಸ ಹಂಚಿಕೆಯಾಗಿತ್ತು. ಆ ಸೋಮವಾರ ಜಿಟಿಜಿಟಿ ಮಳೆ. ಒಲೆಯ ಮೇಲೆ ಹಾಲು, ಹೊಲಿಗೆ ಯಂತ್ರದ ಮೇಲೆ ಅರ್ಧ ಮುಗಿದ ಬ್ಲೌಸು. ಗೇಟಿನವರೆಗೆ ಹೋಗಲು ಬೇಜಾರಾಗಿ, ಬಾಗಿಲಿಗೆ ಹತ್ತಿರವಿದ್ದ ಅವರೆ ಬಳ್ಳಿಯ ಬುಡದಲ್ಲೇ ಸುರಿದುಬಿಟ್ಟೆ.

“ಅಲ್ಲೆ ಬ್ಯಾಡಬೇ, ಗೇಟಿನ ಕಡೆ ಹಾಕು. ನೂರು ಸಲ ಹೇಳೀನಿ,” ಎಂದರು ಅತ್ತೆ.

“ಇರುವಿಗೆ ಅಡ್ರೆಸ್ ಇರ್ತೈತೇನ್ರಿ ಅತ್ತಿ? ಎಲ್ಲಿ ಹಾಕಿದ್ರೂ ಹುಡಿಕ್ಕೊಂಡ ಬರ್ತಾವ.”

“ನಿನಗ ತಿಳಿಯೂದಿಲ್ಲ ಬಿಡು.”

ನಾನು ಸೊಸೆಯಾಗಿ ರಾಮತೀರ್ಥ ನಗರದ ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಈ ಮಾತನ್ನು ವಾರಕ್ಕೆ ಎರಡು ಸಲವಾದರೂ ಕೇಳಿರಬೇಕು. ಹೀಗಾಗಿ ವಿಶೇಷವೇನೂ ಅನ್ನಿಸಲಿಲ್ಲ. ಸಂಜೆ ಇಬ್ಬರೂ ಸೇರಿ ಟೀವಿ ನೋಡಿದೆವು. ಮರುದಿನ ಬೆಳಿಗ್ಗೆ ಚಹಾದ ಕಪ್ಪು ಕೈಯಲ್ಲಿದ್ದಾಗಲೇ ಅತ್ತೆ ಒಂದು ಪಕ್ಕಕ್ಕೆ ವಾಲಿದರು. ಮೂರು ದಿನ ಆಸ್ಪತ್ರೆಯಲ್ಲಿದ್ದರು, ಮಾತು ಬರಲಿಲ್ಲ. ನಾಲ್ಕನೆಯ ದಿನ ಮಣ್ಣು ಮಾಡಿ ಬಂದೆವು.

ಈಗ ಆ ಅವರೆ ಬಳ್ಳಿಯ ವಿಷಯ ಹೇಳಬೇಕು. ಅದರಲ್ಲಿ ನನ್ನದೊಂದು ಅಪರಾಧವಿದೆ. ಅತ್ತೆಯ ತವರು ಖಾನಾಪುರದ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಬರುವಾಗ ಅವರು ಸೆರಗಿನ ತುದಿಗೆ ಕಟ್ಟಿಕೊಂಡು ತಂದ ಅವರೆ ಅದು. ಕಾಯಿ ಗಿಡ್ಡ, ಅಂಚಿಗೆ ನೇರಳೆ ಬಣ್ಣದ ಗೆರೆ, ಥೇಟು ಇಳಕಲ್ ಸೀರೆಯ ದಡಿಯ ಹಾಗೆ. ಪ್ರತಿ ವರ್ಷ ಮೊದಲ ಕಾಯಿಗಳನ್ನು ಬಳ್ಳಿಯಲ್ಲೇ ಒಣಗಿಸಿ, ಬೂದಿ ಬೆರೆಸಿ, ಒಂದು ತಗಡಿನ ಡಬ್ಬಿಯಲ್ಲಿಡುತ್ತಿದ್ದರು. ಹೋದ ಬೇಸಿಗೆಯಲ್ಲಿ ಒಂದು ದಿನ ಅತ್ತೆ ಮದುವೆಗೆಂದು ಕಾಕತಿಗೆ ಹೋಗಿದ್ದರು. ಮನೆಗೆ ಹೇಳದೆ ಕೇಳದೆ ನೆಂಟರು ಬಂದರು. ಕಾಯಿಪಲ್ಯ ಏನೂ ಇರಲಿಲ್ಲ. ನಾನು ಡಬ್ಬಿ ತೆಗೆದೆ, ಬೂದಿ ತೊಳೆದೆ, ನೆನೆಹಾಕಿ ಉಸುಳಿ ಮಾಡಿ ಬಡಿಸಿದೆ. ನೆಂಟರು ಎರಡೆರಡು ಸಲ ಹಾಕಿಸಿಕೊಂಡರು. ಸಂಜೆ ಅತ್ತೆ ಬಂದು ಖಾಲಿ ಡಬ್ಬಿ ನೋಡಿ, “ಬೀಜದ್ದ ಇದ್ದೂ ಅವು,” ಎಂದರು. ಅಷ್ಟೇ. ಬೈಯಲಿಲ್ಲ. ಬೈಯದೇ ಇದ್ದದ್ದಕ್ಕೆ ನನಗೆ ಆ ದಿನ ಜ್ವರ ಬಂದ ಹಾಗಾಗಿತ್ತು.

ಡಬ್ಬಿಯ ತಳದ ಬೂದಿಯಲ್ಲಿ ನಾಲ್ಕು ಕಾಳು ಉಳಿದಿದ್ದವು. ಮಳೆ ಬಿದ್ದಾಗ ಅತ್ತೆ ನಾಲ್ಕನ್ನೂ ಊರಿದರು. ಎರಡು ಮೊಳೆಯಲಿಲ್ಲ. ಮೂರನೆಯದನ್ನು ಎರಡೆಲೆಯಿದ್ದಾಗ ಬಸವನಹುಳು ತಿಂದಿತು. ಉಳಿದದ್ದು ಈ ಒಂದು ಬಳ್ಳಿ. ಅತ್ತೆಯ ತಮ್ಮ ರುದ್ರಪ್ಪಮಾಮನ ಹೊಲದ ಬೇಲಿಯಲ್ಲಿ ಇದೇ ತಳಿ ಇತ್ತಂತೆ, ಬೇಲಿ ತೆಗೆದು ಕಲ್ಲು ನಿಲ್ಲಿಸಿದಾಗ ಅದೂ ಹೋಯಿತಂತೆ. ಅಂದರೆ ಈ ಬಳ್ಳಿ ಕಾಯಿ ಬಿಟ್ಟು, ಆ ಕಾಯಿ ಒಣಗಿ ಬೀಜವಾಗದೆ ಹೋದರೆ, ಅತ್ತೆ ಸೆರಗಿನಲ್ಲಿ ಕಟ್ಟಿ ತಂದದ್ದು ನನ್ನ ಒಂದು ಬೋಗುಣಿ ಉಸುಳಿಯೊಂದಿಗೆ ಮುಗಿದ ಹಾಗೆ. ನೆಂಟರು ಎರಡೆರಡು ಸಲ ಹಾಕಿಸಿಕೊಂಡದ್ದು ನೆನಪಾದಾಗಲೆಲ್ಲ ನನಗೆ ಆ ನೆಂಟರ ಮೇಲೇ ಸಿಟ್ಟು ಬರುತ್ತಿತ್ತು.

ಬದುಕಿದ್ದವರ ಮಾತು ಕೇಳುವುದಕ್ಕಿಂತ ಹೋದವರ ಮಾತು ಕೇಳುವುದು ಬಹಳ ಸುಲಭ. ಹೋದವರು ನಡುವೆ ಬಾಯಿ ಹಾಕುವುದಿಲ್ಲ. ಅತ್ತೆ ಹೋದ ಮೇಲೆ ನಾನು ಅತ್ಯುತ್ತಮ ಸೊಸೆಯಾದೆ. ಅವರಿಗೆ ಬೇಕಾದ ಹಾಗೆ ತೊಳೆದ ಭಾಂಡೆ ಬೋರಲು ಹಾಕಿದೆ, ಒಗೆದ ಬಟ್ಟೆಯನ್ನು ಅವರು ಹೇಳಿದ ಹಾಗೆಯೇ ಒಳಮೈ ಹೊರಗೆ ಮಾಡಿ ಒಣಹಾಕಿದೆ. ಇರುವೆಗಳಿಗಂತೂ ಸೋಮವಾರ ಸಾಲದೆಂದು ದಿನಾ ಸಕ್ಕರೆ ಹಾಕತೊಡಗಿದೆ. ಅದೂ ಬಳ್ಳಿಯ ಬುಡದಲ್ಲೇ. ಅತ್ತೆಯ ಬಳ್ಳಿ, ಅತ್ತೆಯ ಇರುವೆ, ಎರಡೂ ಒಂದೇ ಕಡೆ ಇರಲಿ ಎಂದು. ಬುಡದಲ್ಲಿ ಕೂತು ಸ್ವಲ್ಪ ಹೊತ್ತು ಅಳುವುದಕ್ಕೂ ಅನುಕೂಲವಾಗಿತ್ತು. ಸಕ್ಕರೆ ಹಾಕುವ ನೆಪದಲ್ಲಿ ಅತ್ತರೆ ನಮ್ಮ ಮನೆಯವರು ಏನೂ ಕೇಳುತ್ತಿರಲಿಲ್ಲ. ಅವರೂ ಗೇಟಿನ ಆಚೆ ಸ್ಕೂಟರ್ ಒರೆಸುವ ನೆಪದಲ್ಲಿ ಅದನ್ನೇ ಮಾಡುತ್ತಿದ್ದರೆಂದು ನನಗೆ ಗುಮಾನಿ.

ದೀಪಾವಳಿ ಕಳೆದ ಮೇಲೆ ಬಳ್ಳಿ ಹೂ ಬಿಟ್ಟಿತು. ಹೂವಿನ ಹಿಂದೆಯೇ ಗಿಡಹೇನು ಬಂತು. ಕಪ್ಪಗೆ, ಎಳ್ಳು ಮೆತ್ತಿದ ಹಾಗೆ, ಚಿಗುರಿನ ತುದಿಯಿಂದ ಹೂಗೊಂಚಲಿನವರೆಗೆ ಒಂದು ಗುಲಗಂಜಿಯಷ್ಟೂ ಜಾಗ ಬಿಡದೆ. ಚಿಗುರು ಮುದುಡಿತು, ಹೂ ಉದುರತೊಡಗಿತು. ಗೋಡೆಯ ಆಚೆಯ ಸುನಂದಾ ವೈನಿ, ನಮ್ಮ ಮರಾಠಿ ನೆರೆಯವರು, ಗುಲಾಬಿ ಸಾಕುವುದರಲ್ಲಿ ಪಳಗಿದವರು. ಇಣುಕಿ ನೋಡಿ, ಒಂದು ಬಾಟಲಿ ಔಷಧಿ ಇದೆ, ಒಂದೇ ಸಲ ಹೊಡೆದರೆ ಎಲ್ಲಾ ಸಾಫ್ ಎಂದರು. ಆದರೆ ಅತ್ತೆ ತಮ್ಮ ಜೀವಮಾನದಲ್ಲಿ ವಿಷದ ಬಾಟಲಿಯನ್ನು ಗೇಟಿನೊಳಗೆ ಬಿಟ್ಟವರಲ್ಲ. ಅವರು ಹೋಗಿ ಮೂರು ತಿಂಗಳಿಗೆ ಅದನ್ನು ಒಳಗೆ ತರಲು ನನಗೆ ಧೈರ್ಯವಾಗಲಿಲ್ಲ. ಕೈಯಿಂದ ಹೊಸಕೋಣವೆಂದರೆ, ಒಂದು ಹೇನನ್ನು ಹೊಸಕುವುದರೊಳಗೇ ಸಾಕಾಗಿ, ಉಳಿದ ಹತ್ತು ಸಾವಿರಕ್ಕೆ ಕ್ಷಮೆ ಕೇಳಿ ಒಳಗೆ ಬಂದೆ. ಕೊನೆಗೆ ರುದ್ರಪ್ಪಮಾಮನಿಗೆ ಫೋನು ಮಾಡಿದೆ.

ರುದ್ರಪ್ಪಮಾಮನಿಗೆ ಅರವತ್ತೆಂಟು ವರ್ಷ. ಯಾವ ಕೃಷಿ ತರಬೇತಿ ಎಲ್ಲಿ ನಡೆದರೂ ಮೊದಲ ಸಾಲಿನಲ್ಲಿ ಕೂರುತ್ತಾರೆ, ಮಧ್ಯಾಹ್ನದ ಊಟ ಚೆನ್ನಾಗಿದ್ದರೆ ಕಲಿತದ್ದನ್ನೂ ನೆನಪಿಡುತ್ತಾರೆ. ಎರಡು ದಿನ ಬಿಟ್ಟು ಖಾನಾಪುರದ ಬಸ್ಸಿನಲ್ಲಿ ಬಂದರು. ಅಂಗಿಯ ಕಿಸೆಯಿಂದ ಒಂದು ಸಣ್ಣ ಕಾಗದದ ಪಟ್ಟಿ ತೆಗೆದು ಟೇಬಲ್ಲಿನ ಮೇಲಿಟ್ಟು, ಇದರ ತುಂಬ ತತ್ತಿ ಅದಾವ ಎಂದರು. ಕೇಕು ತಂದರೂ ಅದರಲ್ಲಿ ತತ್ತಿ ಇದೆಯೋ ಎಂದು ಡಬ್ಬಿ ತಿರುಗಿಸಿ ಓದುವ ಮನೆ ನಮ್ಮದು. ನಮ್ಮ ಮನೆಯವರು ಮೆಲ್ಲಗೆ ಟೇಬಲ್ಲಿನಿಂದ ತಮ್ಮ ಚಹಾದ ಕಪ್ಪನ್ನು ಎತ್ತಿಕೊಂಡರು. ಆಮೇಲೆ ಮಾಮ ಬಿಡಿಸಿ ಹೇಳಿದರು. ಅವು ಜಾಲರೆಕ್ಕೆಯ ಹುಳುವಿನ ತತ್ತಿಗಳು. ಎಲೆಯ ಕೆಳಗೆ ನೆರಳಿನಲ್ಲಿ ಪಟ್ಟಿ ಸಿಕ್ಕಿಸಿದರೆ ಮೂರು–ನಾಲ್ಕು ದಿನಕ್ಕೆ ಒಡೆಯುತ್ತವೆ, ಹೇನುಗಳನ್ನು ತಿಂದು ಮುಗಿಸುತ್ತವೆ.

ತಿನ್ನುವುದೆಂದರೆ ಕೊಲ್ಲುವುದೇ ಅಲ್ಲವೇ, ನಮ್ಮ ಮನೆಯಲ್ಲಿ ಇದು ನಡೆಯುತ್ತದೆಯೇ ಎಂದು ನಾನು ಅನುಮಾನಿಸಿದೆ. ಮಾಮ ಬಹಳ ಹೊತ್ತು ಯೋಚಿಸಿ, “ಊಟಕ್ಕ ಕರಿಯೂದಷ್ಟ ನಿನ್ನ ಕೆಲಸ. ಏನ ತಿಂತಾವ ಅನ್ನೂದು ಅವರ ಮನಿ ವಿಚಾರ,” ಎಂದು ತೀರ್ಪು ಕೊಟ್ಟರು. ನನಗೂ ಇಂಥದೇ ಒಂದು ತೀರ್ಪು ಬೇಕಾಗಿತ್ತು. ಹುಳು ನೋಡಲು ಹೇಗಿರುತ್ತದೆ ಎಂದು ಕೇಳಿದೆ. ಹಸಿರು ಮೈ, ಬಂಗಾರದ ಕಣ್ಣು, ಮೈಮೇಲೆ ಜಾಳಿ ಬಟ್ಟೆ ಹೊದ್ದ ಹಾಗೆ ರೆಕ್ಕೆ, ಮದುಮಗಳೇ ಸೈ ಎಂದರು. ಅದಕ್ಕೂ ಮೊದಲು ಅದರ ಬಾಲ್ಯದ ಬಗ್ಗೆ ಇನ್ನೂ ಏನೋ ಹೇಳುತ್ತಿದ್ದರು, ಅಷ್ಟರಲ್ಲಿ ಕುಕ್ಕರ್ ಕೂಗಿತು, ನಾನು ಎದ್ದು ಹೋದೆ. ಹೊಲಿಗೆಯವಳಿಗೆ ಜಾಳಿ ಬಟ್ಟೆಯ ಮದುಮಗಳು ಎಂದರೆ ಸಾಕು, ಉಳಿದದ್ದು ಬೇಕಾಗಿರಲಿಲ್ಲ.

ನಾಲ್ಕನೆಯ ದಿನ ಮದುಮಗಳ ದಾರಿ ಕಾಯುತ್ತ ಬಳ್ಳಿಯ ಹತ್ತಿರ ಹೋದೆ. ಸೂಜಿಗೆ ದಾರ ಪೋಣಿಸಲು ನಾನು ಬಳಸುವ ಭೂತಗನ್ನಡಿ ಕೈಯಲ್ಲಿತ್ತು. ಎಲೆ ತಿರುಗಿಸಿ ನೋಡಿದರೆ ಮದುಮಗಳಿಲ್ಲ. ಮೊಸಳೆಗಳಿದ್ದವು. ಅಕ್ಕಿಕಾಳಿಗಿಂತ ಸಣ್ಣ ಬೂದುಬಣ್ಣದ ಮೊಸಳೆಗಳು. ಮೈತುಂಬ ಒರಟು ಕೂದಲು, ಬಾಯಿಯ ಮುಂದೆ ಕುಡುಗೋಲಿನಂಥ ಎರಡು ಕೊಕ್ಕೆ, ತಲೆಯನ್ನು ಆ ಕಡೆ ಈ ಕಡೆ ಬೀಸುತ್ತ ನಡೆಯುವ ರೌಡಿ ನಡಿಗೆ. ಹೇನು ಸಾಲದೆಂದು ಇನ್ನೊಂದು ಪೀಡೆ ಬಂತಲ್ಲ, ಇವು ನನ್ನ ಮದುಮಗಳ ತತ್ತಿಗಳನ್ನೂ ತಿಂದಿರಬೇಕು ಎಂದುಕೊಂಡೆ. ಕೊಲ್ಲುವ ಹಾಗಿಲ್ಲ. ಹಳೆಯ ಲಗ್ನಪತ್ರಿಕೆಯೊಂದನ್ನು ಮೊರದ ಹಾಗೆ ಹಿಡಿದು, ಒಂದೊಂದನ್ನೇ ಅದರ ಮೇಲೆ ಹತ್ತಿಸಿಕೊಂಡು, ಸಿಕ್ಕಷ್ಟನ್ನೂ ಗೋಡೆಯಾಚೆಯ ವೈನಿಯ ಗುಲಾಬಿ ಗಿಡಕ್ಕೆ ದಾಟಿಸಿದೆ. ಇದು ಒಳ್ಳೆಯ ನೆರೆಹೊರೆಯ ಲಕ್ಷಣವಲ್ಲ ಎಂದು ಆಗಲೂ ಗೊತ್ತಿತ್ತು.

ಹತ್ತು ದಿನ ಕಳೆಯುವುದರಲ್ಲಿ ವೈನಿಯ ಗುಲಾಬಿ ಚಿಗುರುಗಳು ತೊಳೆದಿಟ್ಟ ಹಾಗಾದವು. ತಾವು ಚಿಮುಕಿಸಿದ ಹುಳಿಮಜ್ಜಿಗೆಯ ಪ್ರತಾಪವೆಂದು ಅವರು ಓಣಿಗೆಲ್ಲ ಹೇಳಿದರು, ನನಗೂ ಒಂದು ತಂಬಿಗೆ ಕಳಿಸಿಕೊಟ್ಟರು. ನಮ್ಮ ಬಳ್ಳಿ ಮಾತ್ರ ದಿನದಿನಕ್ಕೆ ಕಪ್ಪಾಗುತ್ತಿತ್ತು. ಕಾಯಿ ಕಚ್ಚಿದ ಗೊಂಚಲು ಮೂರೋ ನಾಲ್ಕೋ. ಮತ್ತೆ ಮಾಮನಿಗೆ ಫೋನು ಮಾಡಿ, ನಿಮ್ಮ ಮದುಮಗಳು ಬರಲೇ ಇಲ್ಲ, ಮೊಸಳೆಗಳು ಬಂದಿದ್ದವು, ಓಡಿಸಿದೆ ಎಂದೆ. ಅವರು ನಕ್ಕ ರೀತಿಗೆ ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಮರುದಿನವೇ ಇನ್ನೊಂದು ಪಟ್ಟಿ ಹಿಡಿದುಕೊಂಡು ಬಂದರು.

“ಮದಿಮಗಳು ಸಣ್ಣಾಕಿ ಇದ್ದಾಗ ಹಂಗ ಇರ್ತಾಳವ್ವ. ಹೇನು ತಿನ್ನೂದು ಆ ಮೊಸಳಿನ. ದೊಡ್ಡಾಕಿ ಆದ ಮ್ಯಾಲೆ ಬರೇ ಹೂವಿನ ರಸ ಕುಡದು ಇರ್ತಾಳ,” ಎಂದು ಹೇಳುತ್ತಲೇ ಅಂಗಳಕ್ಕೆ ಇಳಿದರು. ನಾನು ಓಡಿಸಿದ್ದು ಕಾವಲುಗಾರರನ್ನು, ಕಾದು ಕೂತಿದ್ದು ನಿವೃತ್ತರಾಗಿ ಮಾಂಸ ಬಿಟ್ಟವರನ್ನು ಎಂದು ಆಗ ತಿಳಿಯಿತು.

ಮಾಮ ಬಳ್ಳಿಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು. ನಗು ನಿಂತಿತು. ಬುಡದಿಂದ ತುದಿಯವರೆಗೆ ಇರುವೆಗಳ ಎರಡು ಸಾಲು, ಒಂದು ಹತ್ತುವುದು, ಒಂದು ಇಳಿಯುವುದು. ಹೇನಿನ ಬೆನ್ನು ತಟ್ಟಿ, ಅದು ಒಸರುವ ಸಿಹಿ ರಸ ಇಳಿಸಿಕೊಂಡು ಕುಡಿಯುತ್ತಿದ್ದವು.

“ಇಲ್ಲೆ ಸಕ್ಕರಿ ಯಾರ ಹಾಕ್ತಾರ?”

ನಾನೇ, ಅತ್ತೆ ಹೋದ ಮೇಲೆ ಒಂದು ದಿನವೂ ತಪ್ಪಿಸಿಲ್ಲ ಎಂದು ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ.

“ಅಕ್ಕ ಇಲ್ಲೆ ಹಾಕ್ತಿದ್ದಿಲ್ಲ ನೋಡು. ನಮ್ಮವ್ವನೂ ಬಳ್ಳಿಯಿಂದ ದೂರ ಹಾಕ್ತಿದ್ಳು. ಅಲ್ಲೆ ಹೊಟ್ಟಿ ತುಂಬಿದ್ರ ಇಲ್ಲಿಗ್ಯಾಕ ಬರ್ತಾವ? ಇರುವಿ ಇದ್ದಲ್ಲೆ ಹೇನಿಗೆ ರಾಜೋಪಚಾರ. ಹೇನು ತಿನ್ನಾಕ ಬಂದದ್ದನ್ನ ಇವು ಕಚ್ಚಿ ಎಳದೊಗಿತಾವ.”

ನಾನು ಕಟ್ಟೆಯ ಮೇಲೆ ಕುಳಿತೆ. ಅಂದರೆ ಗೇಟಿನ ಕಡೆ ಹಾಕು ಎಂದದ್ದು ಮುದುಕಿಯ ಹಟವಾಗಿರಲಿಲ್ಲ. ಪುಣ್ಯವೂ ಆಗಬೇಕು, ಅವರೆಯೂ ಉಳಿಯಬೇಕು ಎಂಬ ಲೆಕ್ಕಾಚಾರವಾಗಿತ್ತು. ಕಾರಣ ಹೇಳಿದ್ದರೆ ನಾನು ಕೇಳುತ್ತಿದ್ದೆ ಎಂದು ಹೇಳಬಹುದು. ಆದರೆ ಅವರು ಕಾರಣ ಹೇಳಲು ಶುರು ಮಾಡಿದಾಗಲೆಲ್ಲ ನಾನು ಹೊಲಿಗೆ ಯಂತ್ರದ ಪೆಡಲ್ ತುಳಿಯುತ್ತಿದ್ದೆ. ಮೂರು ತಿಂಗಳು ನಾನು ಅತ್ತೆಯ ಹೆಸರಿನಲ್ಲಿ ಅತ್ತೆಯ ಬಳ್ಳಿಗೆ ಶತ್ರುಗಳನ್ನು ಸಾಕಿದ್ದೆ, ದಿನಾ ಕಣ್ಣೀರು ಹಾಕಿ.

ಚಹಾ ಮಾಡು ಎಂದರು ಮಾಮ. ಅವರಿಗೆ ಚಹಾ ಬೇಕಾಗಿರಲಿಲ್ಲ, ನಾನು ಒಳಗೆ ಹೋಗುವುದು ಬೇಕಾಗಿತ್ತು.

ಅವತ್ತಿನಿಂದ ಇರುವೆಗಳ ಊಟದ ಮನೆ ಗೇಟಿನ ಹತ್ತಿರಕ್ಕೆ ಹೋಯಿತು. ಬ್ಲೌಸಿನ ಅಸ್ತರಿನ ಒಂದು ಪಟ್ಟಿ ಹರಿದು, ಔಡಲೆಣ್ಣೆಯಲ್ಲಿ ಅದ್ದಿ, ಬಳ್ಳಿಯ ಕಾಂಡಕ್ಕೂ ಅದನ್ನು ಹಬ್ಬಿಸಿದ ಕೋಲಿಗೂ ಸುತ್ತಿದೆ. ಗೋಡೆಗೆ ತಾಗುತ್ತಿದ್ದ ಕುಡಿಗಳನ್ನು ದಾರ ಕಟ್ಟಿ ಈಚೆಗೆ ಎಳೆದೆ. ಇರುವೆಗಳು ಎರಡು ದಿನ ಎಣ್ಣೆಪಟ್ಟಿಯ ಕೆಳಗೆ ನಿಂತು ಸಭೆ ನಡೆಸಿ, ಮೂರನೆಯ ದಿನ ಸಕ್ಕರೆಯ ಕಡೆ ನಡೆದವು. ಎರಡನೆಯ ಪಟ್ಟಿಯ ತತ್ತಿಗಳು ಒಡೆದವು. ಈ ಸಲ ನಾನು ಮೊಸಳೆಗಳಿಗೆ ದಾರಿ ಬಿಟ್ಟು ನಿಂತೆ.

ಹತ್ತು ದಿನ ನಾನು ನೋಡಿದ್ದನ್ನು ಊಟದ ಸಮಯದಲ್ಲಿ ಹೇಳಬಾರದೆಂದು ನಮ್ಮ ಮನೆಯವರು ಕೈಮುಗಿದಿದ್ದಾರೆ. ಆದರೂ ಹೇಳುತ್ತೇನೆ. ಮೊಸಳೆ ಹೇನನ್ನು ಕೊಕ್ಕೆಗಳಲ್ಲಿ ಎತ್ತಿ ಹಿಡಿದು ಎಳನೀರಿನ ಹಾಗೆ ಹೀರುತ್ತದೆ, ಒಣ ಸಿಪ್ಪೆಯನ್ನು ಬಿಸಾಕುತ್ತದೆ, ಬಾಯಿ ಒರೆಸಿಕೊಳ್ಳದೆ ಮುಂದಿನದಕ್ಕೆ ಕೈಹಾಕುತ್ತದೆ. ಬ್ಲೌಸು ಬಿಗಿಯಾದ ಹಾಗೆ ಚರ್ಮ ಬಿಗಿಯಾದಾಗ ಹಳೆಯದನ್ನು ಕಳಚಿ ದೊಡ್ಡ ಅಳತೆಯದನ್ನು ತೊಡುತ್ತದೆ. ಹೊಟ್ಟೆ ತುಂಬಿದ ಮೇಲೆ ಒಂದು ಎಲೆಯ ಮಡಿಕೆ ಹುಡುಕಿ, ತನ್ನ ಸುತ್ತ ತಾನೇ ಬಿಳಿ ದಾರ ಸುತ್ತಿಕೊಂಡು ಮುತ್ತಿನಷ್ಟು ಉಂಡೆಯಾಗಿ ಮಲಗಿಬಿಡುತ್ತದೆ. ಮೂವತ್ತು ವರ್ಷ ಬಾಬಿನ್ ಸುತ್ತಿದ ನನಗೆ ಅಷ್ಟು ಸಮನಾಗಿ ಸುತ್ತಲು ಇವತ್ತಿಗೂ ಬರುವುದಿಲ್ಲ. ನಾನು ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋಗುವ ಮೊದಲು ಬಳ್ಳಿಯ ಹತ್ತಿರ ಹೋಗತೊಡಗಿದೆ. ಒಂದು ದಿನ ಎರಡು ಮೊಸಳೆಗಳು ಒಂದೇ ಹೇನಿಗಾಗಿ ಜಗ್ಗಾಡುವುದನ್ನು ನೋಡಿ ಗಟ್ಟಿಯಾಗಿ ನಕ್ಕೆ. ನಮ್ಮ ಮನೆಯವರು ಸ್ಕೂಟರ್ ಒರೆಸುವ ಬಟ್ಟೆ ಹಿಡಿದು ಓಡಿ ಬಂದರು. ನನಗೆ ಏನೋ ಆಗಿದೆ ಎಂದುಕೊಂಡಿದ್ದರಂತೆ. ಅತ್ತೆ ಹೋದ ಮೇಲೆ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಮುಂದಿನ ವಾರ ಒಂದು ಸಂಜೆ ದೀಪ ಹಚ್ಚಿ ಹೊಲಿಯುತ್ತ ಕುಳಿತಿದ್ದೆ. ಕಿಟಕಿಯಿಂದ ಒಂದು ತೆಳ್ಳಗಿನ ಹಸಿರು ಜೀವ ಬಂದು, ಹೊಲಿಯುತ್ತಿದ್ದ ಬಟ್ಟೆಯ ಮೇಲೆ ಕುಳಿತಿತು. ಮಾಮ ಹೇಳಿದ್ದು ಸುಳ್ಳಲ್ಲ. ಬಂಗಾರದ ಕಣ್ಣು, ಯಾವ ಅಂಗಡಿಯಲ್ಲೂ ಸಿಗದಷ್ಟು ನಯವಾದ ಜಾಳಿ ರೆಕ್ಕೆ. ಮೊನ್ನೆಯವರೆಗೆ ರಕ್ತ ಹೀರಿದ್ದು ಇದೇ ಎಂದು ಹೇಳಿದರೆ ಯಾರೂ ನಂಬುವುದಿಲ್ಲ, ಅಷ್ಟು ಸಾತ್ವಿಕ ಮುಖ. ಅದು ಎದ್ದು ಹೋಗುವವರೆಗೆ ಯಂತ್ರ ನಿಲ್ಲಿಸಿದೆ. ಗಿರಾಕಿಯ ಬ್ಲೌಸು ಒಂದು ದಿನ ತಡವಾಯಿತು, ಕಾರಣ ಹೇಳಲು ಹೋಗಲಿಲ್ಲ.

ಆಮೇಲೆ ಎಲೆಗಳ ಕೆಳಗೆ ಹೊಸ ತತ್ತಿಗಳು ಕಂಡವು. ಕೂದಲಿಗಿಂತ ಸಣ್ಣ ಒಂದೊಂದು ದಾರ, ಪ್ರತಿ ದಾರದ ತುದಿಗೆ ಒಂದೊಂದು ತತ್ತಿ, ಗುಂಡುತಲೆಯ ಟಾಚಣಿ ಪಿನ್ನು ಚುಚ್ಚಿಟ್ಟ ಹಾಗೆ. ಹೀಗೇಕೆ ಎಂದು ಮಾಮನನ್ನು ಕೇಳಿದೆ. ಮೊದಲು ಹುಟ್ಟಿದ ಅಣ್ಣ ಪಕ್ಕದಲ್ಲಿರುವ ತಮ್ಮನನ್ನು ತಿಂದುಬಿಡುತ್ತಾನೆ, ಅದಕ್ಕೆ ತಾಯಿ ಎಲ್ಲರನ್ನೂ ಬೇರೆ ಬೇರೆ ಕೋಲಿನ ಮೇಲೆ ಇಡುತ್ತಾಳೆ ಎಂದರು. ಹೊಲದ ಗಡಿಗಾಗಿ ಮಾಮ ಮತ್ತು ಅವರ ಅಣ್ಣ ಹನ್ನೊಂದು ವರ್ಷದಿಂದ ಮಾತಾಡುವುದಿಲ್ಲ. “ನಮ್ಮವ್ವಗ ಇದು ಗೊತ್ತಿದ್ದಿಲ್ಲ ನೋಡು,” ಎಂದು ಸೇರಿಸಿದರು.

ಬಳ್ಳಿ ಪೂರ್ತಿ ಚೇತರಿಸಿಕೊಳ್ಳಲಿಲ್ಲ, ಆದರೆ ಉಳಿಯಿತು. ಒಟ್ಟು ಒಂಬತ್ತು ಕಾಯಿ ಬಲಿತವು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಜೊತೆ ಎಲ್ಲರ ಮನೆಯಲ್ಲೂ ಅವರೆಕಾಯಿ ಬೆಂದಿತು, ನಮ್ಮ ಮನೆಯಲ್ಲಿ ಬದನೆಕಾಯಿ ಮಾಡಿದೆ. ನಮ್ಮ ಮನೆಯವರು ಬಳ್ಳಿಯ ಕಡೆ ಒಮ್ಮೆ ನೋಡಿ ರೊಟ್ಟಿ ಮುರಿದರು. ಒಂಬತ್ತೂ ಕಾಯಿಗಳು ಬಳ್ಳಿಯಲ್ಲೇ ಒಣಗಿ ಗಲಗಲ ಎಂದ ಮೇಲೆ ಬಿಡಿಸಿದೆ. ಮೂವತ್ತಮೂರು ಬೀಜ. ಎರಡು ಜೊಳ್ಳು. ಕಟ್ಟಿಗೆ ಒಲೆಯಿಲ್ಲದ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಸದಾಶಿವನಗರದ ಒಂದು ಖಾನಾವಳಿಗೆ ಹೋಗಿ ಬೂದಿ ಕೇಳಿದೆ. ಅವರು ನನ್ನನ್ನು ಒಂದು ಥರ ನೋಡಿ ಕೊಟ್ಟರು.

ಅರ್ಧ ಬೀಜ ಕಟ್ಟಿಕೊಂಡು ಖಾನಾಪುರದ ಬಸ್ಸು ಹತ್ತಿದೆ. ಎರಡು ಕಡೆ ಇದ್ದರೆ ಒಂದು ಕಡೆ ನನ್ನಂಥವಳು ಉಸುಳಿ ಮಾಡಿದರೂ ಇನ್ನೊಂದು ಕಡೆ ಉಳಿಯುತ್ತದೆ. ಮಾಮ ಬೀಜಗಳನ್ನು ಅಂಗೈಯಲ್ಲಿ ಸುರಿದುಕೊಂಡು ಬಹಳ ಹೊತ್ತು ನೋಡಿದರು. ಮೂಗಿನ ಹತ್ತಿರ ಹಿಡಿದರು. ಡಬ್ಬಿಯ ಮೇಲೆ ಚೀಟಿ ಅಂಟಿಸಬೇಕು, ಇದಕ್ಕೆ ಏನಂತ ಕರೆಯುತ್ತಿದ್ದಿರಿ ಎಂದು ಕೇಳಿದೆ.

“ಅವರಿ,” ಎಂದರು ಮಾಮ. ನಾನು ಕಾದೆ. “ಅಲ್ಲ, ಇದಕ್ಕ ಬ್ಯಾರೇನ ಒಂದ ಹೆಸರಿತ್ತು. ಅವ್ವ ಅಂತಿದ್ಳು. ಕಣ್ಣಾಗ ಐತಿ, ಬಾಯಾಗ ಬರವಲ್ದು.” ಒಳಗಿದ್ದ ತಮ್ಮ ಹೆಂಡತಿಯನ್ನು ಕೂಗಿ ಕೇಳಿದರು, ಅವರಿಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿಗೆ ಕೇಳಿದರು, ಆಕೆ ಮರಾಠಿಯಲ್ಲಿ ಬೇರೆ ಯಾವುದೋ ಅವರೆಯ ಹೆಸರು ಹೇಳಿದಳು. ಹನ್ನೊಂದು ವರ್ಷದಿಂದ ಮಾತು ಬಿಟ್ಟ ಅಣ್ಣನ ಮನೆಯ ಕಡೆಗೂ ಒಮ್ಮೆ ನೋಡಿದರು. ಎದ್ದು ಹೋದರು. ಗಡಿಕಲ್ಲಿನ ಆಚೆ ನಿಂತು ಏನೋ ಕೇಳಿದ್ದು ನನಗೆ ದೂರದಿಂದ ಕಂಡಿತು. ಅಣ್ಣನೂ ಎದ್ದು ನಿಂತು, ತಲೆ ಕೆರೆದುಕೊಂಡು, ಇಲ್ಲ ಎನ್ನುವ ಹಾಗೆ ಕೈಯಾಡಿಸಿದರು.

“ಅಕ್ಕಗ ಗೊತ್ತಿತ್ತು,” ಎಂದರು ಮಾಮ ವಾಪಸ್ ಬಂದು.

ಇಪ್ಪತ್ತೆರಡು ವರ್ಷ ನಾನು ಆ ಕಾಯಿಯ ನಾರು ತೆಗೆದಿದ್ದೇನೆ, ಒಗ್ಗರಣೆ ಹಾಕಿದ್ದೇನೆ, ದಿನಾ ಇದೇ ಪಲ್ಯವೇ ಎಂದು ಗೊಣಗಿದ್ದೇನೆ, ಬೀಜವನ್ನೂ ಬಿಡದೆ ಬೇಯಿಸಿ ಬಡಿಸಿದ್ದೇನೆ. ಇದರ ಹೆಸರೇನು ಎಂದು ಒಂದು ಸಲವೂ ಕೇಳಿರಲಿಲ್ಲ. ಡಬ್ಬಿಯ ಚೀಟಿಯ ಮೇಲೆ ಊರು ಬರೆದಿದ್ದೇನೆ, ಅತ್ತೆಯ ಹೆಸರು ಬರೆದಿದ್ದೇನೆ. ಅವರೆಯ ಹೆಸರಿನ ಜಾಗ ಖಾಲಿ ಇದೆ.